ಮನೆಯಲ್ಲೇ ಇದ್ದ ಚುಕ್ಕೆ

ಪುಟ್ಟಿ ಫೋನನ್ನು ಡ್ರಾಯರಿನೊಳಗೆ, ಗಾಜು ಒರೆಸುವ ಬಟ್ಟೆಗಳ ಮೇಲೆ ಇಟ್ಟು ಮುಚ್ಚಿದಳು. ಮತ್ತೆ ತೆರೆದು, ಸದ್ದು ಜೋರಾಗಿದೆಯೇ ಎಂದು ನೋಡಿ, ಮತ್ತೆ ಮುಚ್ಚಿದಳು.

"ಹೋಗೋದಾದ್ರೆ ಹೋಗೇ ತಾಯಿ," ಎಂದಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಅಕ್ಕ. "ನಿಮ್ಮಣ್ಣ ಮೆಸೇಜ್ ಹಾಕಿದ್ರೆ ಹೆಬ್ಬೆರಳಿನ ಗುರುತು ಕಳಿಸ್ಬೇಕು, ಅಷ್ಟೇ ತಾನೆ?"

"ಒಂದೇ ಹೆಬ್ಬೆರಳು ಅಕ್ಕಾ. ಎರಡು ಕಳಿಸಿದ್ರೆ ಅನುಮಾನ ಬರುತ್ತೆ."

ವಯಸ್ಸು ಮೂವತ್ತಾದರೂ ಅವಳು ಮನೆಯಲ್ಲೂ ಅಂಗಡಿಯಲ್ಲೂ ಪುಟ್ಟಿಯೇ. ಊಟದ ಬಿಡುವಿನಲ್ಲಿ ಒಂದಿಷ್ಟು ಹೊತ್ತು ಫೋನಿಲ್ಲದೆ ಸುಮ್ಮನೆ ಅಡ್ಡಾಡಿ ಬರಬೇಕೆಂಬುದು ಅವಳ ಆಸೆ. ಅದಕ್ಕೂ ಇಷ್ಟು ಕಳ್ಳಾಟ ಬೇಕಾಗಿತ್ತು.

ಅಪ್ಪ ತರಕಾರಿ ತರಲು ಹೋದವರು ಮಾರುಕಟ್ಟೆಯ ಮೆಟ್ಟಿಲ ಮೇಲೆ ಕುಸಿದಿದ್ದರು. ಫೋನು ಜೇಬಿನಲ್ಲೇ ಇತ್ತು, ಸದ್ದು ಮಾತ್ರ ಅಡಗಿಸಿಟ್ಟಿದ್ದರು. ಅಣ್ಣ ಮಧ್ಯಾಹ್ನವಿಡೀ ಕರೆ ಮಾಡುತ್ತಲೇ ಇದ್ದ. ಸಂಜೆ ಆ ಕರೆಯನ್ನು ಎತ್ತಿದ್ದು ಆಸ್ಪತ್ರೆಯ ಕಾವಲುಗಾರ.

ಅಪ್ಪ ಹೋದ ಮೇಲೆ ಮನೆಗೆ ಅಣ್ಣನ ಕಟ್ಟಳೆಗಳು ಬಂದವು. ಫೋನಿನ ಸದ್ದು ಅಡಗಿಸಬಾರದು. ಚಾರ್ಜು ಅರ್ಧಕ್ಕಿಂತ ಕೆಳಗಿಳಿಯಬಾರದು. ಮೆಸೇಜು ಬಂದರೆ ಒಂದು ಹೆಬ್ಬೆರಳಾದರೂ ವಾಪಸು ಹೋಗಬೇಕು. ಜೊತೆಗೊಂದು ಆಪ್. ಅದರ ನಕ್ಷೆಯಲ್ಲಿ ಅಮ್ಮ ಹಸಿರು ಚುಕ್ಕೆ, ಪುಟ್ಟಿ ನೀಲಿ ಚುಕ್ಕೆ. ಅಣ್ಣ ಲಿಫ್ಟ್ ಮೆಕ್ಯಾನಿಕ್. ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಹೊರಗೆಳೆದು, ಎಣ್ಣೆಗೈ ಒರೆಸಿಕೊಂಡು, ಮೊದಲು ಚುಕ್ಕೆಗಳನ್ನು ನೋಡುತ್ತಿದ್ದ. ಪುಟ್ಟಿ ದಾರಿಯಲ್ಲಿ ಅರೆಗಳಿಗೆ ನಿಂತರೂ ಸಾಕು, "ಯಾಕೆ ನಿಂತ್ಬಿಟ್ಟೆ, ಹುಷಾರಾಗಿದ್ದೀಯ ತಾನೆ?" ಎಂದು ಬರುತ್ತಿತ್ತು. ಅದು ಗದರಿಕೆಯಲ್ಲ. ಗದರಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಬೀದಿಗಿಳಿದ ಮೇಲೂ ಅವಳ ಕೈ ಖಾಲಿ ಜೇಬನ್ನು ತಡವುತ್ತಲೇ ಇತ್ತು. ಈಜುವಾಗ ಹಾಕಿಕೊಳ್ಳುವ ಕನ್ನಡಕ ಮಾಡಿಸಿಕೊಂಡು ಹೋದ ಗಿರಾಕಿಯೊಬ್ಬಳು, ಹಿಂದಿನ ಬೀದಿಯ ಈಜುಕೊಳ ಮಧ್ಯಾಹ್ನ ಹೆಂಗಸರಿಗೇ ಮೀಸಲು ಎಂದಿದ್ದಳು. ನೋಡಿಬರೋಣವೆಂದು ಪುಟ್ಟಿ ಒಳಗೆ ಹೋದಳು. ಔಷಧಿ ಬೆರೆತ ನೀರಿನ ವಾಸನೆ, ಎತ್ತರದ ಚಾವಣಿಗೆ ಬಡಿದು ಮರಳುವ ನಗೆ. ಆಳವಿಲ್ಲದ ತುದಿಯಲ್ಲಿ ಕಂಬಿ ಹಿಡಿದುಕೊಂಡು, ರಬ್ಬರ್ ಟೋಪಿ ಹಾಕಿಕೊಂಡ ಒಬ್ಬ ವಯಸ್ಸಾದ ಹೆಂಗಸು ದಬದಬ ಕಾಲು ಬಡಿಯುತ್ತಿದ್ದರು.

"ಅಮ್ಮಾ?"

ಅಮ್ಮ ಬಾಯಿಗೆ ಹೊಕ್ಕ ನೀರನ್ನು ಉಗಿದರು. "ನೀನ್ಯಾಕೆ ಅಂಗಡೀಲಿಲ್ಲ?"

"ನಾನು ಅಂಗಡೀಲೇ ಇದ್ದೀನಿ. ನೀನು?"

"ನಾನು ಮನೇಲಿ."

ಒಂದು ಕ್ಷಣ ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಅಮ್ಮನಿಗೆ ಎಂಥ ನಗು ಬಂತೆಂದರೆ ಕಂಬಿ ಕೈತಪ್ಪಿ, ಮುಳುಗಿ ಎದ್ದರು.

ಪುಟ್ಟಿ ಚಪ್ಪಲಿ ಬಿಟ್ಟು ದಡದಲ್ಲಿ ಕೂತು ಕಾಲು ಇಳಿಬಿಟ್ಟಳು. ಅಮ್ಮನ ಫೋನು ಪಕ್ಕದ ಮನೆಯಾಕೆಯ ಕೈಯಲ್ಲಿತ್ತು. "ಧಾರಾವಾಹಿ ಶುರುವಾದ್ರೆ ಅವಳಿಗೆ ಮೈಮೇಲೆ ಪ್ರಜ್ಞೆ ಇರಲ್ಲ. ಹೆಬ್ಬೆರಳು ಕಳಿಸೋದು ಲೇಟಾಗುತ್ತೆ. ನಿಮ್ಮಣ್ಣ ಬೈಯ್ಯೋದು ನನಗೆ."

"ನನಗಾದ್ರೂ ಹೇಳಬಾರದಿತ್ತಾ?"

"ನಿನಗೆ ಹೇಳಿದ್ರೆ ನೀನೂ ಸುಳ್ಳು ಹೇಳ್ಬೇಕಾಗ್ತಿತ್ತು. ಅವನಿಗೆ ಹೇಳಿದ್ರೆ ದಡದಲ್ಲಿ ಬಂದು ನಿಂತ್ಕೋತಿದ್ದ." ಅಮ್ಮ ಮುಖದ ನೀರು ಒರೆಸಿಕೊಂಡರು. "ಇಲ್ಲಿ ತಲೆ ಮುಳುಗಿಸಿದ್ರೆ ಏನೂ ಕೇಳ್ಸಲ್ಲ ಕಣೆ. ಯಾರೂ ಕರೆಯಲ್ಲ. ನಿಮ್ಮಪ್ಪ ಹೋದ ಮೇಲೆ ನಾನು ಅತ್ತಿದ್ದೂ ಇದರೊಳಗೇ."

ಪುಟ್ಟಿ ಬಗ್ಗಿ, ಅಮ್ಮನ ಟೋಪಿಯಿಂದ ಹೊರಬಂದಿದ್ದ ಒಂದೆಳೆ ನರೆಗೂದಲನ್ನು ಒಳಗೆ ಸೇರಿಸಿದಳು.

ಆಗಲೇ ಬಾಗಿಲಲ್ಲಿ, ಬೀದಿಯಲ್ಲಿ ಅವರಿವರನ್ನು ಕೇಳಿಕೊಂಡು ಬಂದ ಅಂಗಡಿಯ ಅಕ್ಕ ಏದುಸಿರು ಬಿಡುತ್ತ ಕಾಣಿಸಿಕೊಂಡಳು, ಕೈಯಲ್ಲಿ ಪುಟ್ಟಿಯ ಫೋನು. "ಗಿರಾಕಿ ಬಂದಿದ್ರು, ಕತ್ತಲೆ ಕೋಣೇಲಿ ಕಣ್ಣು ನೋಡ್ತಿದ್ದೆ, ಕೇಳಿಸ್ಲೇ ಇಲ್ಲ. ಅಮ್ಮನ ಫೋನೂ ಯಾರೂ ಎತ್ತಿಲ್ಲ ಅಂತ ಮೆಸೇಜ್ ಹಾಕಿದ್ದಾರೆ. ಈಗ ನಾನು ಎತ್ತಿ ಹಲೋ ಅಂದೆ. ಬೇರೆಯವರ ದನಿ ಅಂತ ಗೊತ್ತಾಗಿದ್ದೇ ತಡ, ನಿಮ್ಮಣ್ಣ ಮಾತೇ ಆಡ್ಲಿಲ್ಲ. ಬರೀ ಉಸಿರು. ಇನ್ನೂ ಲೈನಲ್ಲೇ ಇದ್ದಾರೆ."

ಪುಟ್ಟಿ ಫೋನು ಕಿತ್ತುಕೊಂಡು, "ಅಣ್ಣಾ, ನಾನೇ. ಅಮ್ಮನೂ ಇಲ್ಲೇ ಇದ್ದಾಳೆ, ಏನೂ ಆಗಿಲ್ಲ," ಎಂದಳು. ಅಮ್ಮ ಆಗಲೇ ಕಂಬಿ ಹಿಡಿದು ಮೇಲೆ ಹತ್ತುತ್ತಿದ್ದರು.

ಮನೆಯ ದಾರಿಯುದ್ದಕ್ಕೂ ಅವಳು ಮಾತು ಜೋಡಿಸುತ್ತಿದ್ದಳು. "ಇವತ್ತು ಹೇಳೇ ಬಿಡ್ತೀನಮ್ಮ. ನಾವೇನು ಅವನ ಲಿಫ್ಟಿನ ಗುಂಡಿಗಳಾ, ಒತ್ತಿದ ತಕ್ಷಣ ದೀಪ ಹತ್ತೋಕೆ?" ಅಮ್ಮ ಒದ್ದೆ ಕೂದಲನ್ನು ಸೆರಗಿನಿಂದ ಒತ್ತಿಕೊಳ್ಳುತ್ತ, "ಹೇಳು. ನಾನೂ ಹೇಳ್ತೀನಿ," ಎಂದರು.

ಬಾಗಿಲ ಬೀಗ ಒಡೆದು ನೇತಾಡುತ್ತಿತ್ತು. ಅಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಬೋಲ್ಟು ಬಿಚ್ಚುವ ಪಾನಾ ಇನ್ನೂ ಕೈಯಲ್ಲೇ ಇತ್ತು. ಅದನ್ನು ಕೆಳಗಿಡುವುದು ಅವನಿಗೆ ಮರೆತೇಹೋದಂತಿತ್ತು. ಅವನ ಮುಂದೆ ಪಕ್ಕದ ಮನೆಯಾಕೆ ಅಮ್ಮನ ಫೋನು ಹಿಡಿದುಕೊಂಡು, ಕಣ್ಣು ಹತ್ತಿಬಿಟ್ಟಿತ್ತು ಕಣಪ್ಪ ಎಂದು ಹೇಳಿದ್ದನ್ನೇ ಹೇಳುತ್ತಿದ್ದರು. ಅವನು ಎದ್ದು ಬಂದು ಅಮ್ಮನ ತೋಳು ಮುಟ್ಟಿದ, ಪುಟ್ಟಿಯ ತಲೆ ಮುಟ್ಟಿದ. 

"ಅಮ್ಮನ ಚುಕ್ಕೆ ಮನೇಲೇ ಇತ್ತು. ಇಬ್ರೂ ಎತ್ತಲಿಲ್ಲ," ಎಂದ. "ಪುಟ್ಟಿ ಫೋನು ಯಾರೋ ಎತ್ತಿದ್ರು. ಅವತ್ತಿನ ಹಾಗೇ."

ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಬಿಟ್ಟು, ಪುಟ್ಟಿ ಅವನ ಕೈಯಿಂದ ಪಾನಾ ಬಿಡಿಸಿ ಕೆಳಗಿಟ್ಟಳು. ಅಮ್ಮ ಫೋನು ಈಸಿಕೊಂಡು ಅವನಿಗೆ ತೋರಿಸುತ್ತ, "ನೋಡು, ಚಾರ್ಜು ತುಂಬಾ ಇದೆ. ಸದ್ದೂ ಇದೆ. ಇನ್ಮೇಲೆ ನನ್ನ ಹತ್ರಾನೇ ಇರುತ್ತೆ," ಎಂದರು.

ಎಲ್ಲ ಕೇಳಿದ ಮೇಲೆ, ಬೀಗ ಸರಿಮಾಡುವಾಗ ಅಣ್ಣ ತಲೆಯೆತ್ತದೆ ಹೇಳಿದ: "ಈಜೋದು ಬೇಡ ಅಂದ್ನಾ ನಾನು? ಕಲಿ ಅಮ್ಮ. ಒಳ್ಳೇದೇ."

ಮಾರನೆಯ ದಿನ ಅವನು ಕೆಲಸದಿಂದ ಬರುವಾಗ ಫೋನು ಹಾಕಿಡುವ ಒಂದು ಚೀಲ ತಂದ. ಅಂಗೈಯಷ್ಟಗಲದ ಪಾರದರ್ಶಕ ಪ್ಲಾಸ್ಟಿಕ್ಕು, ಕುತ್ತಿಗೆಗೆ ಹಾಕಿಕೊಳ್ಳಲು ದಾರ. ತೊಟ್ಟಿಯ ನೀರಿನಲ್ಲಿ ಅದ್ದಿ, ಒಂದು ಹನಿಯೂ ಒಳಗೆ ಹೋಗುವುದಿಲ್ಲವೆಂದು ಮೂರು ಸಲ ತೋರಿಸಿದ. ಅವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಸಂತೋಷ ಕಾಣುತ್ತಿತ್ತು. ಅಮ್ಮ ತಲೆ ಬಗ್ಗಿಸಿ ಅದನ್ನು ಹಾಕಿಸಿಕೊಂಡರು.

ಈಗ ಪುಟ್ಟಿ ಊಟದ ಬಿಡುವಿನಲ್ಲಿ ರಾಜಾರೋಷವಾಗಿಯೇ ಈಜುಕೊಳಕ್ಕೆ ಹೋಗುತ್ತಾಳೆ. ಅಮ್ಮ ಕಂಬಿ ಬಿಟ್ಟು ತೇಲುವುದನ್ನು ಕಲಿತಿದ್ದಾರೆ. ತಲೆಯನ್ನು ಕಿವಿಯವರೆಗೂ ನೀರಿನಲ್ಲಿ ಮುಳುಗಿಸಿ, ಕಣ್ಣು ಮುಚ್ಚಿ, ಅಂಗಾತ ಮಲಗುತ್ತಾರೆ. ಚೀಲ ಅವರ ಗಲ್ಲದ ಪಕ್ಕ ತೇಲುತ್ತಿರುತ್ತದೆ. ಅಣ್ಣನ ಮೆಸೇಜು ಬಂದು ಅದು ಬೆಳಗಿದಾಗ ಪುಟ್ಟಿ ಕೂಗುವುದಿಲ್ಲ, ಆದಷ್ಟು ಹೊತ್ತು ಕಾಯುತ್ತಾಳೆ. ಅಮ್ಮ ತಾವಾಗಿಯೇ ಕಣ್ಣು ಬಿಡುತ್ತಾರೆ. ಕಾಲೂರಿ ನಿಂತು, ಚೀಲವನ್ನು ಮುಖದ ಹತ್ತಿರ ಹಿಡಿದು, ಒದ್ದೆ ಪ್ಲಾಸ್ಟಿಕ್ಕಿನ ಮೇಲೆ ಹೆಬ್ಬೆರಳು ಒತ್ತುತ್ತಾರೆ. ಒತ್ತಿದ್ದು ಫೋನಿಗೆ ತಾಕುವುದಿಲ್ಲ. ಮತ್ತೆ ಒತ್ತುತ್ತಾರೆ.