ಒರೆಸಿದ ಚಿಲಕ

ಕಿಟಕಿ ಸರಳಿನ ನೆರಳು ಚೀಟಿಯ ಮೇಲೆ ಅಡ್ಡ ಬಿದ್ದಿತ್ತು, ಥೇಟ್ ಚಿಲಕದ ಹಾಗೆ, ಅವಳು ಬೆರಳಿಂದ ಒರೆಸಲು ನೋಡಿದಳು, ನೆರಳು ಒರೆಸಿದರೆ ಹೋಗುತ್ತದೆಯೇ — ಚೀಟಿಯಲ್ಲಿದ್ದ ಪದ ಬದ್ಧವೈರ, ಅರ್ಥ ಬರೆದಾಗಿದೆ, ಯಾವುದಕ್ಕೂ ತಣಿಯದ ಹಗೆ, ಮೂಲವೂ ಆಗಿದೆ, ಬದ್ಧ ಎಂದರೆ ಕಟ್ಟಿದ್ದು, ವೈರ ಹುಟ್ಟಿದ್ದು ವೀರದಿಂದ, ಇನ್ನು ಪ್ರಯೋಗ ಬೇಕು, ಯಾರಾದರೂ ನಿಜವಾಗಿ ಆಡಿದ ಒಂದು ವಾಕ್ಯ, ಅದಿಲ್ಲದ ಚೀಟಿಯನ್ನು ನಿಘಂಟಿನ ಸಂಪಾದಕರು ಮುಟ್ಟುವುದಿಲ್ಲ, ಏನಮ್ಮ, ಬೆಳಗ್ಗೆಯಿಂದ ಒಂದೇ ಚೀಟಿ ಹಿಡ್ಕೊಂಡು ಕೂತಿದ್ದೀಯ, ಯಾರ ಮೇಲೆ ಅಷ್ಟು ಸಿಟ್ಟು, ಎದುರು ಮೇಜಿನ ಸಂಪಾದಕರು ಕೇಳಿದರು, ಅವಳು ನಕ್ಕಂತೆ ಮಾಡಿದಳು, ವೀರವಂತೆ, ಅವಳ ಮನೆಯಲ್ಲಿ ಎಲ್ಲಿಯ ವೀರ, ಇರುವುದು ಒಂದು ಗೋಡೆ, ಈಚೆ ಅಮ್ಮ, ಆಚೆ ಚಿಕ್ಕಮ್ಮ, ನಡುವೆ ಹನ್ನೊಂದು ವರ್ಷದಿಂದ ತೆಗೆಯದ ಬಾಗಿಲು, ಅಜ್ಜಿ ಹೋದ ದಿನದಿಂದ, ಅವತ್ತು ಮೂರು ದಿನ ನಿದ್ದೆಗೆಟ್ಟಿದ್ದ ಅಮ್ಮನಿಗೆ ಆಗಷ್ಟೇ ನಿದ್ದೆ ಹತ್ತಿತ್ತು, ಮಲಗಿರಲಿ ಪಾಪ ಎಂದು ಚಿಕ್ಕಮ್ಮ ಎಬ್ಬಿಸಲಿಲ್ಲ, ಅಷ್ಟೇ, ಅಮ್ಮ ಎದ್ದಾಗ ಅಜ್ಜಿಯ ಕೈ ತಣ್ಣಗಾಗಿತ್ತು, ನನ್ನ ಯಾಕೆ ಎಬ್ಬಿಸ್ಲಿಲ್ಲ, ನನ್ನ ಯಾಕೆ ಎಬ್ಬಿಸ್ಲಿಲ್ಲ, ಆಮೇಲೆ ಚಿಲಕ ಬಿತ್ತು, ಆಚೆಯಿಂದ ಚಿಕ್ಕಮ್ಮ ಎಷ್ಟು ಸಲ ಅಕ್ಕಾ ಎಂದಳೋ, ಈಚೆ ಅಮ್ಮ ಪಾತ್ರೆಯ ಸದ್ದು ಜೋರು ಮಾಡುತ್ತಿದ್ದಳು, ಆದರೂ ವಾರಕ್ಕೊಮ್ಮೆ ಎಣ್ಣೆಬಟ್ಟೆಯಲ್ಲಿ ಆ ಚಿಲಕ ಒರೆಸುತ್ತಾಳೆ, ತೆಗೆಯದ ಚಿಲಕಕ್ಕೆ ಎಣ್ಣೆ ಯಾಕಮ್ಮ ಎಂದರೆ ತುಕ್ಕು ಹಿಡಿಯುತ್ತೆ ಕಣೇ, ನೋಡೋಕೆ ಅಸಹ್ಯ — ಇದನ್ನು ಯಾವ ಪ್ರಯೋಗದಲ್ಲಿ ಹಿಡಿಸುವುದು, ಇವತ್ತು ಬೆಳಗ್ಗೆ ಬಸ್‌ಸ್ಟಾಪಿಗೆ ಓಡಿಬಂದ ಚಿಕ್ಕಮ್ಮನ ಮಗಳ ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ, ನಮ್ಮಮ್ಮ ಅಕ್ಕ ಅಕ್ಕ ಅಂತಿದ್ದಾಳೆ ಕಣೇ, ಇವತ್ತು ದಾಟೋದು ಕಷ್ಟ ಅಂದ್ರು ಡಾಕ್ಟರು, ನಾನು ಕರೆದ್ರೆ ದೊಡ್ಡಮ್ಮ ಬರಲ್ಲ, ನೀನೇ ಹೇಳು, ಹೇಳ್ತೀನಿ ಎಂದು ಇವಳು ಮನೆಗೆ ವಾಪಸು ಹೋದಳು, ತಲೆನೋವಿನ ಮಾತ್ರೆ ನುಂಗಿ ಅಮ್ಮ ಮಲಗಿದ್ದಳು, ಬಾಯಿ ಅರೆ ತೆರೆದು, ಮಗುವಿನ ಹಾಗೆ, ಚಿಕ್ಕಮ್ಮ ಎಂಬ ಮಾತೇ ಆ ಮನೆಯಲ್ಲಿ ಎತ್ತಿದವರಿಲ್ಲ, ಮಲಗಿರಲಿ ಪಾಪ, ಬಾಗಿಲೆಳೆದುಕೊಂಡು ಆಫೀಸಿಗೆ ಬಂದುಬಿಟ್ಟಳು — ಮಲಗಿರಲಿ ಪಾಪ, ಪೆನ್ನು ನಿಂತಿತು, ಅವತ್ತಿನ ಚಿಕ್ಕಮ್ಮನದೇ ಮಾತು, ಒಂದಕ್ಷರ ಆಚೀಚೆಯಿಲ್ಲ, ಗಂಟೆ ಹನ್ನೆರಡೂವರೆ, ಕುರ್ಚಿ ಉರುಳಿತು, ಏನಾಯ್ತಮ್ಮ, ಏನಿಲ್ಲ ಸಾರ್, ಕಾರಿಡಾರು, ಫೋನು, ರಿಂಗು, ರಿಂಗು, ಅಮ್ಮಾ, ಚಿಕ್ಕಮ್ಮ — ಹೇಳಿ ಮುಗಿಸಿದಳು, ನಿಂಗೆ ಯಾವಾಗ ಗೊತ್ತಾಯ್ತು, ಎಂಟು ಗಂಟೆಗಮ್ಮ, ಆಗ ನಾನು ಮಲಗಿದ್ನಾ, ಹೂಂ, ನನ್ನ ಯಾಕೆ ಎಬ್ಬಿಸ್ಲಿಲ್ಲ, ಫೋನಿನಲ್ಲಿ ಅಮ್ಮನ ಉಸಿರು, ಉಸಿರಿನ ಹಿಂದೆ, ಗೋಡೆಯಾಚೆ, ಚಿಕ್ಕಮ್ಮನ ಮಗಳ ಅಳು ಒಮ್ಮೆಲೇ ಎದ್ದಿತು, ಚಿಲಕ, ಎಣ್ಣೆಗೆ ಹೊಳೆಯುವ ಚಿಲಕ, ಬೆರಳು ತಾಗಿದರೆ ಸರಿಯುವ ಚಿಲಕ, ಚಿಲಕ