ಮೇಸ್ತ್ರಿಯ ಕಣ್ಣಿನ ಅಪರೂಪದ ಗಂಟು

ಇಪ್ಪತ್ತೆರಡು ವರ್ಷ ಬಿಸಿಲಲ್ಲಿ ನಿಂತು ಗೋಡೆಗಳಿಗೆ ಗಾರೆ ಮೆತ್ತಿದ ಮೇಸ್ತ್ರಿಗೆ, ಎಡಗಣ್ಣಿನ ಬಿಳಿಯ ಮೇಲೆ ಅಕ್ಕಿನುಚ್ಚಿನಷ್ಟು ಗಂಟೊಂದು ಎದ್ದಮೇಲೆ ಶುಕ್ರದೆಸೆ ತಿರುಗಿತು.

ಸಿಮೆಂಟಿನ ಕಣವಿರಬೇಕೆಂದು ಎರಡು ತಿಂಗಳು ಉಜ್ಜಿ, ಕೊನೆಗೆ ಹೆಂಡತಿಯ ಕಾಟ ತಾಳಲಾರದೆ ಕಣ್ಣಾಸ್ಪತ್ರೆಗೆ ಹೋದ. ದೊಡ್ಡ ಡಾಕ್ಟರು ಗಂಟಿನ ಚೂರೊಂದನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ, ಮೊಮ್ಮಗ ಹುಟ್ಟಿದ ಸುದ್ದಿ ಹೇಳುವವರ ಹಾಗೆ ಮುಖ ಅರಳಿಸಿ, ಇದು ಕಣ್ಣಿನ ಮೇಲ್ಪದರದ ಕ್ಯಾನ್ಸರ್, ಅದರಲ್ಲೂ ತೀರಾ ಅಪರೂಪದ ಜಾತಿ ಎಂದರು. ಕ್ಯಾನ್ಸರ್ ಎಂದಾಗ ಮೇಸ್ತ್ರಿ ಬೆವರಿದ. ಅಪರೂಪ ಎಂದಾಗ ಅವನ ಬೆನ್ನು ನೆಟ್ಟಗಾಯಿತು.

ಅಂದಿನಿಂದ ಪ್ರತಿ ಸೋಮವಾರ ಅವನು ಗಲ್ಲ ಊರಿ ಯಂತ್ರದ ಮುಂದೆ ಕೂರುವುದು, ಡಾಕ್ಟರುಗಳು ಸಾಲಾಗಿ ಬಂದು ಇಣುಕುವುದು. ಫೋಟೋ ತೆಗೆದರು, ಅಳೆದರು, ಹೆಸರಿನ ಬಗ್ಗೆ ಜಗಳವಾಡಿದರು. ಚಿಕಿತ್ಸೆಯ ಮಾತೆತ್ತಿದರೆ, ಕಣ್ಣಿನ ಡಾಕ್ಟರುಗಳ ಸಮ್ಮೇಳನವಿದೆ, ಅದು ಮುಗಿಯಲಿ, ಅಲ್ಲಿಯ ಪರಿಣತರೂ ಕಣ್ಣಾರೆ ನೋಡಲಿ ಎಂದರು ದೊಡ್ಡವರು. ಮೇಸ್ತ್ರಿ ಹೂಂಗುಟ್ಟಿ, ಕೆಲಸದ ಜಾಗದಲ್ಲಿ ಸಿಕ್ಕಸಿಕ್ಕವರಿಗೆಲ್ಲ ರೆಪ್ಪೆ ಎಳೆದು ತೋರಿಸಿ ಮೀಸೆ ತಿರುವಿದ.

ಹೆಂಡತಿ ಹೊಲಿಗೆಯವಳು, ಅಳತೆ ಅವಳ ಕಣ್ಣಿಗೆ ತಪ್ಪುವುದಿಲ್ಲ. ಗಂಟು ಕರಿಗುಡ್ಡೆಯ ಅಂಚು ಹತ್ತಿದ್ದನ್ನು ಕಂಡವಳೇ ನಾಲ್ಕನೆಯ ಸೋಮವಾರ ತಾನೂ ಬಂದಳು. ಡಾಕ್ಟರುಗಳ ಸಾಲು ಸೀಳಿಕೊಂಡು ಮುಂದೆ ನಿಂತಳು.

"ಸಾರ್, ನೋಡಿದ್ದು ಸಾಕು. ತೆಗೀತೀರೋ, ಇಲ್ಲಾ ಇನ್ನೂ ಬೆಳೆಸ್ತೀರೋ?"

ದೊಡ್ಡ ಡಾಕ್ಟರು, ಸಮ್ಮೇಳನಕ್ಕೆ ಇನ್ನು ಹತ್ತೇ ದಿನ, ತಡಿ ಎಂದರು.

"ಸುಮ್ನಿರೇ, ದೊಡ್ಡೋರು ಹೇಳ್ತಿದಾರೆ," ಎಂದು ಮೇಸ್ತ್ರಿ ಗದರಿದ.

"ನೀವು ಸುಮ್ನಿರಿ. ಕಣ್ಣು ಹೋದ್ಮೇಲೆ ಕೈ ಹಿಡ್ಕೊಂಡು ಓಡಾಡ್ಸೋಳು ನಾನು, ಅವರಲ್ಲ."

ಸಾಲಿನ ಕೊನೆಯಲ್ಲಿದ್ದ ಕಿರಿಯ ಡಾಕ್ಟರಮ್ಮ ತಗ್ಗಿದ ದನಿಯಲ್ಲಿ, "ನಾಳೆ ಬೆಳಗ್ಗೆ ಆಪರೇಷನ್ ಥಿಯೇಟರ್ ಖಾಲಿ ಇದೆ, ನಾನು ತೆಗೀತೀನಿ," ಎಂದರು. ಅಷ್ಟು ಜನರ ಮುಂದೆ ಬೇಡವೆನ್ನಲು ದೊಡ್ಡವರಿಗೆ ಬಾಯಿ ಬರಲಿಲ್ಲ. ಇನ್ನೊಂದು ಫೋಟೋ ಮಾತ್ರ ತೆಗೆಸಿಕೊಂಡರು.

ಮರುದಿನ ಡಾಕ್ಟರಮ್ಮ ಗಂಟನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಪದರದೊಂದಿಗೆ ಕತ್ತರಿಸಿ, ಬೇರು ಉಳಿಯದಿರಲೆಂದು ಅಂಚನ್ನು ಹಿಮಗಟ್ಟಿಸಿ, ಗಾಯಕ್ಕೆ ತೆಳುಪೊರೆ ಹೊಚ್ಚಿದರು. ಆಮೇಲೆ ವಾರಗಟ್ಟಲೆ ಕಣ್ಣಿಗೆ ಉರಿಯುವ ಹನಿಮದ್ದು. ಹೆಂಡತಿ ಹೊಲಿಗೆ ಬಿಟ್ಟು ದಿನಕ್ಕೆ ನಾಲ್ಕು ಸಲ ಹಾಕಿದಳು. ಮೇಸ್ತ್ರಿ ಎಳೆಗೂಸಿನಂತೆ ರಂಪ ಮಾಡಿದ. ಕಣ್ಣು ಉಳಿಯಿತು, ನೋಟ ಮಾತ್ರ ತುಸು ಮಂಜಾಯಿತು. ಮೊದಲೇ ತೆಗೆದಿದ್ದರೆ ಅಷ್ಟೂ ಆಗುತ್ತಿರಲಿಲ್ಲವೆಂದು ಡಾಕ್ಟರಮ್ಮ ಹೆಂಡತಿಯ ಮುಂದೆ ಒಪ್ಪಿಕೊಂಡರು.

ಸಮ್ಮೇಳನದಲ್ಲಿ ಫೋಟೋಗಳಿಗೆ ಚಪ್ಪಾಳೆ ಬಿತ್ತು, ದೊಡ್ಡ ಡಾಕ್ಟರಿಗೆ ಪದಕ ಸಿಕ್ಕಿತು.

ಬಿಸಿಲು ತಾಗಬಾರದೆಂದು ಹೆಂಡತಿ ಅಗಲ ಅಂಚಿನ ಟೋಪಿ ಹೊಲಿದುಕೊಟ್ಟಳು. ಅದನ್ನು ಹಾಕಿದರೆ ತನ್ನ ಅಪರೂಪದ ಕಣ್ಣು ಯಾರಿಗೂ ಕಾಣುವುದಿಲ್ಲವೆಂದು ಮೇಸ್ತ್ರಿ ಗೊಣಗಿದ.