ವಸತಿ ವಲಯದ ಟೈಲರಣ್ಣ

ಟೈಲರಣ್ಣನ ಕತ್ತರಿಗಿಂತ ಪೆನ್ನು ಹರಿತವೆಂದು ಬೀದಿಗೆ ಬೀದಿಯೇ ಹೇಳುತ್ತಿತ್ತು. ಹೇಳದವರಿಗೆ ಅವನೇ ನೆನಪಿಸುತ್ತಿದ್ದ. ಮೂಲೆಯ ಖಾಲಿ ಜಾಗದಲ್ಲಿ ಹನ್ನೊಂದು ಅಂತಸ್ತಿನ ಮಾಲ್ ಏಳುತ್ತದೆಂಬ ಸುದ್ದಿ ಬಂತು. ಅದೆಂಥ ಮಾಲ್ ಅಂತೀರಿ! ಎದ್ದರೆ ಬಿಸಿಲನ್ನು ನೋಡಲು ಬೀದಿಯವರು ಬಸ್ಸು ಹಿಡಿಯಬೇಕಿತ್ತು. ನಿವಾಸಿಗಳ ಸಂಘದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ತಕರಾರು ಅರ್ಜಿಯನ್ನು ಅವನಿಗೇ ವಹಿಸಿದರು.

ಮೂರು ದಿನ ಅವನು ಮಷಿನ್ ತುಳಿಯಲಿಲ್ಲ. ಹದಿನಾಲ್ಕು ಪುಟ ಬರೆದು ಕೊನೆಯ ಸಾಲುಗಳನ್ನು ಹೆಂಡತಿಗೆ ಓದಿದ: "ಇದು ಬರೀ ವಾಸದ ಬೀದಿ. ಇಲ್ಲಿ ಬೆಂಕಿಪೊಟ್ಟಣದಷ್ಟು ವ್ಯಾಪಾರವೂ ಎಂದೂ ನಡೆದಿಲ್ಲ, ನಡೆಯಲೂ ಕೂಡದು."

"ಮತ್ತೆ ನಮ್ಮ ಅಂಗಡಿ?"

"ಮನೆ ಮುಂದಿನ ಕೋಣೇನ ಅಂಗಡಿ ಅಂತಾರೇನೇ? ಬರಹಕ್ಕೆ ಒಂದು ಗತ್ತು ಬೇಡ್ವಾ?"

ಗತ್ತು ಗೆದ್ದಿತು. ನಗರಸಭೆಯ ವಿಚಾರಣೆಯಲ್ಲಿ ಆ ಕೊನೆಯ ಸಾಲು ಕೇಳಿ ಬಿಲ್ಡರನ ವಕೀಲ ಬೆವತು ಕುರ್ಚಿಯಲ್ಲೇ ಕರಗಿಹೋದನಂತೆ. ಮಾಲ್ ರದ್ದಾಯಿತು, ಬೀದಿ ಪೂರ್ತಿ ವಸತಿ ವಲಯವಾಯಿತು. ಹಿಂದೆಯೇ ನಗರಸಭೆಯ ನೋಟಿಸು ಟೈಲರಣ್ಣನ ಬಾಗಿಲಿಗೆ ಬಂತು: ವಾರದೊಳಗೆ ಅಂಗಡಿ ಮುಚ್ಚತಕ್ಕದ್ದು.

ಇಪ್ಪತ್ತೆರಡು ವರ್ಷದ ಅಂಗಡಿ. ಅದು ಬಿಟ್ಟರೆ ಅವನಿಗೆ ಬೇರೆ ಅನ್ನದ ದಾರಿ ಇರಲಿಲ್ಲ.

"ಹಳೇ ಅಂಗಡಿಗೆ ವಿನಾಯಿತಿ ಇದೆ. ಮೊದಲಿಂದ ಇತ್ತು ಅಂತ ಸಂಘದವರು ಪತ್ರ ಕೊಟ್ರೆ ಸಾಕು," ಎಂದ ಕಚೇರಿಯ ಗುಮಾಸ್ತ. ಟೈಲರಣ್ಣ ಸಂಘದ ಸಭೆಗೆ ಓಡಿದ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಅಂಗಡಿ ಇತ್ತು ಅಂತ ಕೊಟ್ರೆ ನಮ್ಮ ಅರ್ಜಿ ಸುಳ್ಳಾಗುತ್ತೆ ಕಣಯ್ಯ. ಬಿಲ್ಡರ್ ಮೇಲ್ಮನವಿ ಹಾಕಿ ಅದನ್ನೇ ಕಾಯ್ತಾ ಕೂತಿದ್ದಾನೆ."

"ನಾನು ನಿಮಗೋಸ್ಕರ ತಾನೆ ಬರೆದಿದ್ದು ಸಾರ್?"

"ಎಂದೂ ನಡೆದಿಲ್ಲ ಅಂತ ಬರಿ ಅಂದವರು ಯಾರಪ್ಪ? ಇರಲಿ, ಮತಕ್ಕೆ ಹಾಕೋಣ. ಪತ್ರ ಕೊಡೋಣ ಅನ್ನೋರು ಕೈ ಎತ್ತಿ."

ಅಲ್ಲಿದ್ದ ಅಂಗಿಗಳನ್ನೆಲ್ಲ ಹೊಲಿದವನು ಅವನೇ. ಒಂದು ತೋಳೂ ಮೇಲೇಳಲಿಲ್ಲ.

ಮರುದಿನದಿಂದ ಒಬ್ಬೊಬ್ಬರೇ ಬಂದು ಬಟ್ಟೆ ವಾಪಸು ಒಯ್ದರು. ಕೊನೆಗೆ ಮೇಷ್ಟ್ರ ಹೆಂಡತಿ ಬಂದರು.

"ಯಜಮಾನರ ಪ್ಯಾಂಟು ಆಯ್ತೇನಣ್ಣ?"

"ಒಂದು ಕಾಲಾಗಿದೆ ಅಕ್ಕ."

"ಒಂದು ಕಾಲು ತಗೊಂಡು ಏನ್ಮಾಡ್ಲಿ? ಇನ್ನೊಂದನ್ನೂ ಮುಗಿಸಿಬಿಡು. ಆದ್ರೆ ಮಷಿನ್ ಸದ್ದು ಬೇಡಪ್ಪ, ಯಾರಾದ್ರೂ ಕೇಳಿಸ್ಕೊಂಡಾರು."

ಟೈಲರಣ್ಣ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಕೂತು, ಕೈಯಲ್ಲೇ ಹೊಲಿಯತೊಡಗಿದ.